ಗ್ರೈಂಡರ್ ಕಾಲಿನ ಕೆಳಗಿನ ಅಪರೂಪ

ಅಣ್ಣಾ ನಗರ್‌ನ ಮನೆಯ ಬಾಲ್ಕನಿಯಲ್ಲಿ ರುದ್ರಮುನಿ ಎರಡು ರೂಪಾಯಿ ನಾಣ್ಯದ ಮೇಲೆ ಬಟರ್ ಪೇಪರಿನ ತುಂಡೊಂದನ್ನು ಸರಿಸುತ್ತ ಕೂತಿದ್ದರು. ಒಳಗೆ ಹೆಂಡತಿ ಸರ್ವಮಂಗಳಾ ಇಡ್ಲಿ ಹಿಟ್ಟು ರುಬ್ಬುತ್ತ, ಅಲುಗಾಡುವ ಗ್ರೈಂಡರನ್ನು ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದರು. ಎರಡಕ್ಕೂ ಕಾರಣ ಆ ನಾಣ್ಯವೇ.

ವಿಮಾ ಕಂಪನಿಯಿಂದ ನಿವೃತ್ತರಾದ ಮೇಲೆ ರುದ್ರಮುನಿ ತಪ್ಪಾಗಿ ಅಚ್ಚಾದ ನಾಣ್ಯಗಳ ಹಿಂದೆ ಬಿದ್ದರು. ಟಂಕಸಾಲೆಯಲ್ಲಿ ಅಚ್ಚೊತ್ತಬೇಕಾದ ಲೋಹದ ಬಿಲ್ಲೆ ನಡುವೆ ಬಾರದಿದ್ದರೆ ಮೇಲಿನ ಅಚ್ಚು, ಕೆಳಗಿನ ಅಚ್ಚು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ಆಮೇಲಿನ ನಾಣ್ಯಗಳಲ್ಲಿ ಒಂದು ಮುಖದ ಚಿತ್ರ ಇನ್ನೊಂದರಲ್ಲಿ ನೆರಳಿನಂತೆ, ಉಬ್ಬಿದ ಗೆರೆಗಳಾಗಿ ಮೂಡುತ್ತದೆ. ಅಚ್ಚುಗಳು ಓರೆಯಾಗಿದ್ದರೆ ನೆರಳೂ ಜಾಗ ತಪ್ಪುತ್ತದೆ. ಅದು ಇನ್ನೂ ಅಪರೂಪ. ತ್ರಿಪ್ಲಿಕೇನ್‌ನ ನಾಣ್ಯ ಸಂಘದಲ್ಲಿ ಇಷ್ಟು ಕಾಲ ಕುರ್ಚಿ ಹಾಕಿಸುತ್ತಿದ್ದ ರುದ್ರಮುನಿಯವರಿಗೆ ಈ ಭಾನುವಾರ ಮೊದಲ ಬಾರಿ ಪ್ರದರ್ಶನದ ಮೇಜು ಸಿಕ್ಕಿತ್ತು. ಅಲ್ಲಿಡಲು ಅವರ ಬಳಿ ಇದ್ದದ್ದು ಇದೊಂದೇ.

ನಾಣ್ಯ ಸಿಕ್ಕಿದ್ದು ಗ್ರೈಂಡರ್ ಕಾಲಿನ ಕೆಳಗೆ. ಅಲುಗಾಡದಿರಲೆಂದು ಸರ್ವಮಂಗಳಾ ಇಟ್ಟದ್ದು. ಅಂಕಿಯ ಪಕ್ಕದಲ್ಲೊಂದು ಬಾಗಿದ ಗೆರೆ. ಹಿಂಬದಿಯ ಸಿಂಹದ ಬೆನ್ನಿರಬೇಕೆಂದು ರುದ್ರಮುನಿ ಸಿಂಹಗಳನ್ನು ಬಟರ್ ಪೇಪರಿನಲ್ಲಿ ಬಿಡಿಸಿ, ಮಗುಚಿ, ಹೊಂದುವವರೆಗೆ ತಿರುಗಿಸಿದರು. ಹೊಂದಿತು. ಅಷ್ಟು ತಿರುಗಿಸಿದರೆ ಬಸ್ ಟಿಕೆಟ್ಟೂ ಹೊಂದುತ್ತಿತ್ತು.

ಸರ್ವಮಂಗಳಾ ಗ್ರೈಂಡರಿಗೆ ಬೇರೆ ನಾಣ್ಯ ಕೊಟ್ಟರು. ಕೆಲ ದಿನ ಬಿಟ್ಟು ರುದ್ರಮುನಿ ಅದನ್ನೂ ಎಳೆದು ನೋಡಿದರು. ಅದೇ ಬಾಗಿದ ಗೆರೆ. ಡಿಕ್ಕಿಯಾದ ಅಚ್ಚಿನಿಂದ ಬಂದ ನಾಣ್ಯಗಳಲ್ಲೆಲ್ಲ ಒಂದೇ ಗುರುತಿರುತ್ತದೆ; ಇನ್ನೇನು ಪುರಾವೆ ಬೇಕು? ಎರಡರ ಫೋಟೋವನ್ನೂ ಸಂಘದ ಕಾರ್ಯದರ್ಶಿ ಜಯಪ್ರಕಾಶ್‌ಗೆ ಕಳಿಸಿದರು. ತಕ್ಷಣ ಅವರ ಫೋನ್ ಬಂತು, ತಮಿಳು ಬೆರೆತ ಕನ್ನಡದಲ್ಲಿ.

“ಸಾರ್, ಒಂದರಲ್ಲಿ ಒಂದು ಇಸವಿ, ಇನ್ನೊಂದರಲ್ಲಿ ಇನ್ನೊಂದು. ಒಂದೇ ಅಚ್ಚು ಎಪ್ಪಡಿ ಸಾರ್? ಗೆರೆ ಉಬ್ಬಿದೆಯಾ, ಕುಳಿಯಾ? ಉಗುರು ಆಡಿಸಿ ನೋಡಿ.”

ರುದ್ರಮುನಿ ಉಗುರು ಆಡಿಸಿದರು. ಕುಳಿ. ಎದ್ದು ಹೋಗಿ ಗ್ರೈಂಡರಿನ ಕಾಲಿನಂಚಿಗೆ ನಾಣ್ಯ ಹಿಡಿದರು. ತಿರುಗಿಸುವ ಗೋಜೇ ಇಲ್ಲದೆ ಹೊಂದಿತು.

“ಟಂಕಸಾಲಿ ನಮ್ಮ ಅಡಿಗಿಮನ್ಯಾಗ ಐತಿ ಅಂತ ಬೋರ್ಡ್ ಹಾಕ್ರಿ,” ಎಂದರು ಸರ್ವಮಂಗಳಾ. “ಮೊದಲ ಆ ರೊಕ್ಕ ಗ್ರೈಂಡರ್ ಕಾಲ ಕೆಳಗ ಇಡ್ರಿ. ಕೈ ಸೋತ್ ಹೋತು.”

ಮೇಜು ಬಿಟ್ಟುಕೊಡಲು ರುದ್ರಮುನಿ ಒಪ್ಪಲಿಲ್ಲ. ವಿಷಯ ಮಾತ್ರ ಬದಲಿಸಿದರು. ಅಚ್ಚಿನ ತಪ್ಪನ್ನು ಮನೆಯ ಪೆಟ್ಟಿನಿಂದ ಬೇರ್ಪಡಿಸುವ ಬಗೆ, ಎರಡು ಮಾದರಿಗಳೊಂದಿಗೆ. ಭಾನುವಾರ ಸಂಜೆಯೊಳಗೆ ಒಂದನ್ನಾದರೂ ವಾಪಸ್ ತರಬೇಕು. ಸೋಮವಾರ ಬೆಳಿಗ್ಗೆ ದೋಸೆ ಹಿಟ್ಟು ರುಬ್ಬುವುದಿದೆ.