ಕೇಳುವ ಸಾಲು

ಅಥವಾ ಅವತ್ತು ಮಳೆ ಬಂದಿರಲೇ ಇಲ್ಲವೇನೋ. ಲ್ಯಾಬಿನ ಬಾಗಿಲಲ್ಲಿ ಕಳಚಿಟ್ಟ ಚಪ್ಪಲಿಗಳ ರಾಶಿಗೆ ಕೆಸರು ಮೆತ್ತಿತ್ತು ಎಂದು ನೆನಪು ಹೇಳುತ್ತದೆ, ಆದರೆ ಚಿತ್ರದುರ್ಗದಲ್ಲಿ ಚಪ್ಪಲಿಗೆ ಕೆಸರು ಮೆತ್ತುವ ದಿನಗಳು ಎಷ್ಟಿರುತ್ತವೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಬಹುಶಃ ಆ ಕೆಸರನ್ನು ಆಮೇಲೆ ನಾನೇ ಹಚ್ಚಿದ್ದೇನೆ. ಒಂಟಿಯಾಗಿರುವವರ ನೆನಪಿಗೆ ಇದೊಂದು ಚಟ. ಪಕ್ಕದಲ್ಲಿ ಕೂತು 'ಹಾಗಲ್ಲ, ಹೀಗೆ' ಎನ್ನುವವರಿಲ್ಲದ್ದರಿಂದ ಅದು ತನಗೆ ತೋಚಿದ ಹಾಗೆ ಸುಣ್ಣಬಣ್ಣ ಬಳಿಯುತ್ತ ಹೋಗುತ್ತದೆ. ಆದ್ದರಿಂದ ಈಗ ಹೇಳುವುದನ್ನು ಅರ್ಧ ಮಾತ್ರ ನಂಬಿ.

ಕಾಲೇಜಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗಿನ ಮೊದಲ ಪಾಠ ಹೇಳುವವಳು ನಾನು. ಸಿರಿಗೆರೆ ಕಡೆಯಿಂದ, ಐಮಂಗಲದ ಕಡೆಯಿಂದ ಬಸ್ಸಿನಲ್ಲಿ ನಿಂತೇ ಬರುವ ಈ ಮಕ್ಕಳಲ್ಲಿ ಹಲವರು ಕೀಲಿಮಣೆ ಮುಟ್ಟುವುದೇ ನಮ್ಮಲ್ಲಿಗೆ ಬಂದ ಮೇಲೆ. ಶೇಂಗಾ ಬೀಜ ಊರುವವರ ಹಾಗೆ ಒಂದೊಂದೇ ಅಕ್ಷರವನ್ನು ತೋರುಬೆರಳಿನಿಂದ ಹುಡುಕಿ ಒತ್ತುತ್ತಾರೆ. ಅವತ್ತಿನ ಅಭ್ಯಾಸ ಬಹಳ ಸರಳ: ಎರಡು ಸಂಖ್ಯೆ ತೆಗೆದುಕೊಂಡು, ಕೂಡಿಸಿ, ಮೊತ್ತ ತೋರಿಸಬೇಕು. ಕುರಿ ಸಾಕುವ ಮನೆಯಿಂದ ಬಂದ ಭಾಗ್ಯ ಎಂಬ ಹುಡುಗಿ ಎಲ್ಲವನ್ನೂ ಸರಿಯಾಗಿ ಬರೆದು, ಪ್ರೋಗ್ರಾಮನ್ನು ಓಡಿಸಿ, ಕಪ್ಪು ತೆರೆಯ ಮುಂದೆ ಕೈ ಕಟ್ಟಿ ಕೂತಿದ್ದಳು. ತೆರೆಯ ಮೂಲೆಯಲ್ಲೊಂದು ಸಣ್ಣ ಬಿಳಿ ಗೆರೆ ಮಿಟುಕುತ್ತಿತ್ತು. ನಾನು ಸುತ್ತು ಹಾಕಿ ಬಂದರೂ ಅವಳು ಹಾಗೇ ಇದ್ದಳು.

"ಯಾಕವ್ವ, ಸುಮ್ನೆ ಕುಂತಿದೀಯ?"

"ಅದು ಏನೋ ಮಾಡ್ತಾ ಐತೆ ಮೇಡಂ. ಮುಗೀಲಿ ಅಂತ ಕುಂತೀನಿ."

"ಅದು ಏನೂ ಮಾಡ್ತಾ ಇಲ್ಲ. ನೀನು ಸಂಖ್ಯೆ ಕೊಡ್ಲಿ ಅಂತ ಅದೇ ಕಾಯ್ತಾ ಐತೆ."

ಪಕ್ಕದಲ್ಲಿದ್ದ ಅವಳ ಗೆಳತಿಗೆ ಇಷ್ಟು ಸಾಕಾಯಿತು. "ಲೇ ಭಾಗ್ಯ, ಕುರಿ ಕಾದಂಗೆ ಕಾಯ್ತಿದೀಯಲ್ಲೇ!"

"ಕುರಿ ವಾಸಿ ಕಣೇ, ಹಸಿವಾದ್ರೆ ಬ್ಯಾ ಅಂತಾವೆ," ಎಂದಳು ಭಾಗ್ಯ. "ಇದು ಬಾಯೇ ಬಿಡಲ್ವಲ್ಲ."

ಎಲ್ಲರೂ ನಕ್ಕರು. ತಪ್ಪೇನೂ ಆಗಿರಲಿಲ್ಲ ನೋಡಿ. 'ಸಂಖ್ಯೆ ಕೊಡಿ' ಎಂದು ತೆರೆಯ ಮೇಲೆ ತೋರಿಸುವ ಒಂದು ಸಾಲನ್ನು ಅವಳು ಬರೆದಿರಲಿಲ್ಲ, ಅಷ್ಟೆ. ಆ ಸಾಲು ಇಲ್ಲದಿದ್ದರೂ ಯಂತ್ರದ ಕೆಲಸ ನಡೆಯುತ್ತದೆ. ಅದು ಮನುಷ್ಯರಿಗಾಗಿ, ಒಂದು ಮರ್ಯಾದೆಗೆಂದು ಬರೆಯುವ ಸಾಲು. ಯಾಕೆ ಬಿಟ್ಟೆ ಎಂದು ಕೇಳಿದ್ದಕ್ಕೆ ಅವಳು, "ಬೇಕಾದ್ರೆ ಅದೇ ಕೇಳ್ತೈತೆ ಅಂದ್ಕಂಡೆ ಮೇಡಂ," ಎಂದಳು.

ಆ ಮಾತು ನನ್ನ ಜೊತೆ ಮನೆಗೆ ಬಂತು. ಮನೆ ಎಂದರೆ ಕೋಟೆಯ ಬಂಡೆಗಳು ಕಾಣುವ ಓಣಿಯಲ್ಲಿ ಎರಡು ಕೋಣೆ. ಗಿರಿಜೆ ಇದ್ದಾಗ ಅದು ಸಾಲುತ್ತಿರಲಿಲ್ಲ. ಅದೇ ಕಾಲೇಜಿನಲ್ಲಿ ವಾಣಿಜ್ಯ ಪಾಠ ಹೇಳುತ್ತಿದ್ದ ಗಿರಿಜೆಯೂ ನಾನೂ ವರ್ಷಗಟ್ಟಲೆ ಅಲ್ಲಿ ಒಟ್ಟಿಗಿದ್ದೆವು, ಅವಳು ಮುದ್ದೆ ತಿರುವಿದರೆ ನಾನು ಸಾರು ಮಾಡುತ್ತ, ಸಂಜೆ ತಾರಸಿಯ ಮೇಲೆ ನಿಂತು ಗುಡ್ಡದ ಮೇಲೆ ಕರೆಂಟಿಗೆಂದು ನಿಲ್ಲಿಸಿದ ಗಾಳಿ ಫ್ಯಾನುಗಳಲ್ಲಿ ಇವತ್ತು ಯಾವುದು ಸೋಮಾರಿ ಎಂದು ಜಗಳವಾಡುತ್ತ. ಆಮೇಲೆ ಅವಳಿಗೆ ಹೊಸದುರ್ಗದಲ್ಲಿ ಕೆಲಸವಾಯಿತು. ಹೊಳಲ್ಕೆರೆ ದಾಟಿದರೆ ಹೊಸದುರ್ಗ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಇನ್ನೂ ದೂರವಿದ್ದಿದ್ದರೆ ನಾವು ಒಬ್ಬರನ್ನೊಬ್ಬರು ನೋಡಲು ಪ್ರಯತ್ನಪಡುತ್ತಿದ್ದೆವೇನೋ.

ಬಸ್ಸು ಹೊರಡುವಾಗ "ನಾನೇ ಫೋನ್ ಮಾಡ್ತೀನಿ ಬಿಡೇ" ಎಂಬ ಮಾತು ಬಂದದ್ದು ಖಂಡಿತ. ನನ್ನ ನೆನಪಿನಲ್ಲಿ ಅದು ಕಿಟಕಿಯ ಒಳಗಿನಿಂದ, ಅವಳ ದನಿಯಲ್ಲಿ ಬರುತ್ತದೆ. ಆದ್ದರಿಂದ ಕಾದೆ. ಜಗಳವಿಲ್ಲ, ಮುನಿಸಿಲ್ಲ, ಮೊದಮೊದಲು ಸೌಜನ್ಯವಾಗಿದ್ದ ಕಾಯುವಿಕೆ ಬರಬರುತ್ತ ಬಿಂಕವಾಯಿತು. ಒಬ್ಬಳಿಗೆಂದು ಮುದ್ದೆ ತಿರುವಿದರೆ ತಟ್ಟೆಗೆ ಬರುವುದಕ್ಕಿಂತ ಪಾತ್ರೆಗೆ ಅಂಟುವುದೇ ಹೆಚ್ಚು ಎಂದು ಗೊತ್ತಾದ ಮೇಲೆ ಅನ್ನ ಮಾಡಿಕೊಳ್ಳತೊಡಗಿದೆ.

ಇಲ್ಲಿಗೆ ಎಲ್ಲವೂ ಅಚ್ಚುಕಟ್ಟಾಗಿ ಹೊಂದಿಕೊಳ್ಳುತ್ತಿದೆ. ನನಗೆ ಅದೇ ಅನುಮಾನ. ಭಾಗ್ಯಳ ಕಪ್ಪು ತೆರೆಯೂ ಗಿರಿಜೆಯ ಮೌನವೂ ಒಂದೇ ಕಾಲದವೆಂದು ಆಣೆ ಮಾಡಿ ಹೇಳಲಾರೆ. ಅದೂ ಅಲ್ಲದೆ, ಅವತ್ತು ಆ ಹುಡುಗಿಗೆ ನಾನು ಹೇಳಿದ್ದು ಪೂರ್ತಿ ಪಾಠವಲ್ಲ. ನಮಗಾಗಿ ಕಾಯುತ್ತಿರುವ ಪ್ರೋಗ್ರಾಮೂ, ಕೊನೆಯಿಲ್ಲದೆ ತನ್ನೊಳಗೇ ಗಿರಕಿ ಹೊಡೆಯುತ್ತಿರುವ ಪ್ರೋಗ್ರಾಮೂ ಹೊರಗಿನಿಂದ ನೋಡಲು ಒಂದೇ ಥರ: ಅದೇ ಕಪ್ಪು, ಅದೇ ಮಿಟುಕು. ಮೊದಲನೆಯದಕ್ಕೆ ಒಂದು ಸಂಖ್ಯೆ ಕೊಟ್ಟರೆ ಉತ್ತರ ಬರುತ್ತದೆ. ಎರಡನೆಯದು ನೀವು ಏನು ಕೊಟ್ಟರೂ ನಿಮ್ಮ ಕಡೆ ತಿರುಗುವುದಿಲ್ಲ. ಯಾವುದು ಯಾವುದೆಂದು ತಿಳಿಯಲು ಕೊಟ್ಟು ನೋಡುವುದೊಂದೇ ದಾರಿ, ಮತ್ತು ಕೊಟ್ಟು ನೋಡಲು ಭಯವಾಗುವುದೂ ಅದಕ್ಕೇ. ಕೇಳದೆ ಇದ್ದಷ್ಟು ದಿನ, ಹೊಸದುರ್ಗದಲ್ಲಿ ನನಗೊಬ್ಬಳು ಗೆಳತಿ ಇದ್ದಾಳೆ ಎಂದುಕೊಂಡಾದರೂ ಇರಬಹುದು.

ಕಳೆದ ಭಾನುವಾರ ಮಧ್ಯಾಹ್ನ ಫೋನ್ ಮಾಡಿದೆ.

"ಓಹೋ, ಮೇಡಮ್ಮೋರು! ಬದುಕಿದೀರೇನ್ರಿ?" ಅದೇ ಗಂಟಲು, ಅದೇ ಕೊಂಕು.

"ನೀನೇ ಮಾಡ್ತೀನಿ ಅಂದಿದ್ದೆ ಕಣೇ."

"ನಾನಾ? ಬಸ್ಸಿನ್ ಕೆಳಗೆ ನಿಂತ್ಕಂಡು ಅಂದೋಳು ನೀನು. ನಾನು ಮಾಡಿದ್ರೆ ಬೈತೀನಿ ಅಂತ ಬೇರೆ ಅಂದಿದ್ದೆ."

ಅವಳ ಹಿಂದೆ ಕುಕ್ಕರ್ ಕೂಗಿತು, ಯಾರೋ ಅವಳ ಹೆಸರು ಹಿಡಿದು ಕರೆದರು. ಊಟ ಆತಾ ಎಂದಳು. ಆಗಿರಲಿಲ್ಲ, ಹ್ಞೂಂ ಎಂದೆ. "ಇರು, ಆಮೇಲೆ ನಾನೇ ಮಾಡ್ತೀನಿ," ಎಂದು ಇಟ್ಟಳು. ಈ ಸಲ ಹಾಗೆಂದವಳು ಅವಳೇ, ಅದರಲ್ಲಿ ಅನುಮಾನವಿಲ್ಲ.

ಇವತ್ತು ಶುಕ್ರವಾರ. ಫೋನು ಬಂದಿಲ್ಲ. ಬಸ್ ನಿಲ್ದಾಣದಲ್ಲಿ ಮಾತು ಕೊಟ್ಟವರು ಯಾರೆಂಬುದು ಇನ್ನು ಇತ್ಯರ್ಥವಾಗುವ ಹಾಗಿಲ್ಲ, ಆಗಬೇಕಾಗಿಯೂ ಇಲ್ಲ. ನಾಳೆ ಮತ್ತೆ ನಾನೇ ಮಾಡುತ್ತೇನೆ. ಅವಳಿಗೆ ಅದು ಬೇಕಾಗಿದೆಯೋ ಇಲ್ಲವೋ, ನನಗೆ ಗೊತ್ತಿಲ್ಲ.