ಕಮಾಂಡ್ ಮಾವ

ನಮ್ಮ ಪ್ರಯೋಗಾಲಯದ ‘ಕಮಾಂಡ್ ಮಾವ’ ಕಂಪ್ಯೂಟರಿನ ಮೌಸ್ ಮುಟ್ಟುವವರಲ್ಲ. ಕೇಳಿದರೆ, “ಇಲಿ ಹಿಡಿಯೋದು ಬೆಕ್ಕಿನ ಕೆಲಸ ಕಣಯ್ಯ” ಎನ್ನುತ್ತಾರೆ. ಹೊಳೆಯ ನೀರು ಗಳಿಗೆ ಗಳಿಗೆಗೂ ಹೇಗೆ ಏರುತ್ತದೆಂಬ ಅವಕಲ ಸಮೀಕರಣವನ್ನು ಬಿಡಿಸಲು ಕಪ್ಪು ಪರದೆಯಲ್ಲಿ ಒಂದೇ ಸಾಲಿನ ಕಮಾಂಡ್ ಟೈಪ್ ಮಾಡುತ್ತಾರೆ. ಉತ್ತರ ಬರುವವರೆಗೆ ಯಾರನ್ನೂ ಕೆಮ್ಮಗೊಡುವುದಿಲ್ಲ. ಯಂತ್ರ ತಪ್ಪು ತೋರಿಸಿದರೆ, “ಸಿಟ್ಟಾಗ್ಬೇಡ ತಾಯಿ” ಎಂದು ರಮಿಸಿ, ಬಿಟ್ಟುಹೋದ ಅಲ್ಪವಿರಾಮ ಹಾಕುತ್ತಾರೆ. ಬಂದ ಉತ್ತರವನ್ನೂ ನಂಬದೆ, ಗಂಟೆಗೊಮ್ಮೆ ಇಟ್ಟ ಲೆಕ್ಕವನ್ನು ನಿಮಿಷಕ್ಕೊಮ್ಮೆ ಎಂಬಂತೆ ಕಾಲದ ಹೆಜ್ಜೆಯನ್ನು ಇನ್ನಷ್ಟು ಕಿರಿದು ಮಾಡಿ ಮತ್ತೆ ಓಡಿಸುತ್ತಾರೆ. ಎರಡೂ ತಾಳೆಯಾದವೋ, ಆಮೇಲೆ ಯಾರಪ್ಪನ ಮಾತಿಗೂ ಒಂದು ದಶಾಂಶ ಕದಲದು. ಈ ಸಲದ ಮಳೆಗೆ ಹೊಳೆದಂಡೆಯ ಬೀದಿಗೆ ನೀರು ನುಗ್ಗದೆಂದು ಲೆಕ್ಕ ಖಚಿತವಾಗಿ ಹೇಳಿತು. ಮಾವ ಹೆಮ್ಮೆಯಿಂದ ವರದಿ ಕಳಿಸಿದರು. ಮರುಕ್ಷಣವೇ ಆ ಬೀದಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ದನಿ ತಗ್ಗಿಸಿದರು: “ನೀರು ಬರಲ್ಲ ಅಕ್ಕಾ, ನನ್ನ ಲೆಕ್ಕ ಪಕ್ಕಾ. ಆದ್ರೂ ಭಾವನ್ನ ಕರ್ಕೊಂಡು ಇವತ್ತೇ ನಮ್ಮನೆಗೆ ಬಂದ್ಬಿಡು.”