ಕಟ್ಟೆಯ ಮೇಲೆ ನಾಲ್ಕು, ಅಂಗಳದಲ್ಲಿ ಮೂರು

ಹೆಸರು ಅಕ್ಷೋಭ್ಯಾಚಾರ್, ಅಂದರೆ ಯಾವುದಕ್ಕೂ ಅಲುಗಾಡದವರು. ದೇವದುರ್ಗದ ಶಾಲೆಯಲ್ಲಿ ಮೂವತ್ತೊಂದು ವರ್ಷ ಗಣಿತ ಕಲಿಸಿ, ರಾಯಚೂರಿಗೆ ಹೋಗಿ ಬೇರೆ ಮಾಸ್ತರರಿಗೂ ಹುಣಸೆ ಬೀಜದಲ್ಲಿ ಕೂಡಿಸುವುದನ್ನು ತೋರಿಸಿ, ನಿವೃತ್ತರಾಗಿ ಮಾನ್ವಿಯ ಮನೆಗೆ ಬಂದಿದ್ದರು. ಶಾಲೆಯಲ್ಲಿ ಯಾರು ಚಹಾ ಕೊಟ್ಟರೂ "ಪಿತ್ತ ಆಗ್ತದರೀ" ಎಂದು ಕೈ ಅಡ್ಡ ಹಿಡಿದವರು. ಮನೆಯಲ್ಲಿ ಮಾತ್ರ ಆ ಪಿತ್ತ ದಿನಕ್ಕೆ ಮೂರು ಲೋಟ ಕುಡಿಯುತ್ತಿತ್ತು.

ಸಂಜೆ ಮಕ್ಕಳಿಗೆ ಪುಕ್ಕಟೆ ಪಾಠ. "ನನ್ನ ಕಡೆ ಭೇದ ಇಲ್ಲ, ಯಾರರ ಬರ್ರಿ" ಎಂದು ಊರೆಲ್ಲ ಹೇಳಿಕೊಂಡಿದ್ದರು. ಬಂದರು. ನಾಲ್ವರು ಕಟ್ಟೆಯ ಮೇಲೆ. ಆಚೆ ಓಣಿಯ ಮೂವರು ಅಂಗಳದಲ್ಲಿ, ಗೋಣಿಚೀಲದ ಮೇಲೆ. ಹಾಗೆ ಕೂರಿರೆಂದು ಯಾರೂ ಹೇಳಲಿಲ್ಲ. ಬಾಗಿಲಲ್ಲಿ ಜಪಸರ ಹಿಡಿದು ತಾಯಿ ಅಹಲ್ಯಾಬಾಯಿ ಕೂತಿರುತ್ತಿದ್ದರು. ಹೇಳುವ ಅಗತ್ಯ ಬೀಳಲಿಲ್ಲ.

ಅಂದು ಮಾಸ್ತರರು ಬೀಜ ಬಿಟ್ಟು ಮಕ್ಕಳನ್ನೇ ಎಣಿಸಿದರು.

"ಮ್ಯಾಲ ನಾಲ್ಕು, ಕೆಳಗ ಮೂರು. ಕೂಡಿಸಿದ್ರ?"

"ಏಳು!"

"ಮೊದಲ ಕೆಳಗಿನ ಮೂರು ಹಿಡದು, ಆಮ್ಯಾಲ ನಾಲ್ಕು ಸೇರಿಸಿದ್ರ?"

"ಏಳs!"

"ಜಾಗಾ ಬದಲಾದ್ರೂ ಮೊತ್ತ ಬದಲಾಗಂಗಿಲ್ಲ. ತಿಳೀತೇನು?"

ಅಂಗಳದಿಂದ ನಾಗವೇಣಿ ಕೈ ಎತ್ತಿದಳು. ಸಂತೆಯಲ್ಲಿ ಉಳ್ಳಾಗಡ್ಡಿ ಮಾರುವ ಶೇಖಮ್ಮನ ಮಗಳು.

"ಸರ್, ಹಂಗಾರ ನಾಳಿ ನಾವು ಮ್ಯಾಲ ಕುಂದ್ರತೀವಿ, ಅವ್ರು ಕೆಳಗ ಕುಂದರ್ಲಿ. ಏಳs ಆಗ್ತದಲ್ರೀ?"

ಹುಡುಗಿಯ ಮಾತಿನಲ್ಲಿ ಕೊಂಕಿರಲಿಲ್ಲ, ಲೆಕ್ಕ ತಿಳಿದ ಖುಷಿ ಅಷ್ಟೇ. ಬಾಗಿಲಲ್ಲಿ ಜಪಸರ ನಿಂತಿತು. ಆಚಾರ್ಯರು ತಾಯಿಯ ಮುಖ ನೋಡಿದರು. ಅರವತ್ತು ದಾಟಿದ ಗಣಿತದ ಮಾಸ್ತರ, ಏಳರ ಲೆಕ್ಕಕ್ಕೆ!

"ಅದು... ಮುಂದಿನ ಪಾಠ. ಇವತ್ತಿಗೆ ಸಾಕು."

ಮರುದಿನ ಗೋಣಿಚೀಲ ಖಾಲಿ. ಮುಂದಿನ ಪಾಠ ಸೊನ್ನೆಯದು: ನಾಲ್ಕಕ್ಕೆ ಸೊನ್ನೆ ಕೂಡಿಸಿದರೆ ನಾಲ್ಕೇ, ಏನೂ ಬದಲಾಗದು. ಹೇಳಹೋದವರು ಖಾಲಿ ಚೀಲ ನೋಡಿ ಅರ್ಧಕ್ಕೇ ಬಿಟ್ಟರು. ನಾಲ್ವರನ್ನೂ ಮನೆಗೆ ಕಳಿಸಿ, ಚಪ್ಪಲಿ ಮೆಟ್ಟಿ ಆಚೆ ಓಣಿಗೆ ನಡೆದರು. ಹುಟ್ಟಿದ ಊರು, ಆದರೂ ಎರಡು ಕಡೆ ದಾರಿ ಕೇಳಬೇಕಾಯಿತು.

ಶೇಖಮ್ಮ ತಕ್ಕಡಿ ಒರೆಸುತ್ತಿದ್ದಳು.

"ಹುಡುಗರನ್ನ ಯಾಕ ಕಳಸಲಿಲ್ಲವಾ?"

"ತಕ್ಕಡಿ ಖೋಟಾ ಅದನೋ ಏನೋ ಅಂತ ನೋಡಬೇಕಾದ್ರ, ಕಲ್ಲು ಮಾಲು ಅದಲಬದಲ ಇಟ್ಟು ನೋಡ್ತೀವ್ರಿ. ನನ್ನ ಮಗಳು ಅಷ್ಟs ಮಾಡ್ಯಾಳ."

ವಯಸ್ಸಾದ ತಾಯಿ, ಮನೆಯ ಪದ್ಧತಿ ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದು ಆ ತಕ್ಕಡಿಯಲ್ಲಿ ತೂಗುವಂತಿರಲಿಲ್ಲ. ಅಷ್ಟರಲ್ಲಿ ನಾಗವೇಣಿ ಚಹಾ ತಂದಳು.

"ಮ್ಯಾಲ ಬರ್ರಿ ಸರ್, ಯಾಕ ಕೆಳಗ ನಿಂತೀರಿ?"

ಆಗಲೇ ಅವರಿಗೆ ಕಂಡದ್ದು: ತಾವು ನಿಂತದ್ದು ಶೇಖಮ್ಮನ ಕಟ್ಟೆಯ ಕೆಳಗೆ. ಹಾಗೆ ನಿಲ್ಲಿರೆಂದು ಇಲ್ಲಿಯೂ ಯಾರೂ ಹೇಳಿರಲಿಲ್ಲ. ಹತ್ತಿ ಕೂತರು. ಪಿತ್ತ ಎಂಬ ಮಾತು ನಾಲಗೆಗೆ ಬಂತು. ಚಹಾದ ಜೊತೆ ನುಂಗಿದರು.

"ನಾಳಿ ಯಾರು ಮ್ಯಾಲ್ರಿ ಸರ್?"

"ಏಳೂ ಮಂದಿ," ಎಂದರು, ಲೋಟ ನೋಡುತ್ತ.

"ನಿಮ್ಮ ಅವ್ವಾರಿಗೆ ಹೇಳೀರೇನ್ರಿ?" ಶೇಖಮ್ಮ ಕೇಳಿದಳು.

ಚಹಾ ಮುಗಿದಿತ್ತು. ಆದರೂ ಆಚಾರ್ಯರು ಲೋಟದಿಂದ ಮುಖ ಎತ್ತಲಿಲ್ಲ.

"ಹೇಳಬೇಕವಾ."